ಗೇಮ್ ಆಡದವರು ಹೇಲೋ ಕಾದಂಬರಿ ಓದಬಹುದಾ? ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಮನೆಯಲ್ಲಿ ತಮ್ಮನಿಗೆ ಹೇಲೋ ಗೇಮಿನ ಹುಚ್ಚು. ನನಗೆ ಕಂಟ್ರೋಲರ್ ಹಿಡಿಯೋಕೂ ಬರಲ್ಲ, ಆದರೆ ಸೈನ್ಸ್ ಫಿಕ್ಷನ್ ಅಂದರೆ ಇಷ್ಟ. ಗೇಮ್ ಆಡದೆ ಆ ಕಾದಂಬರಿಗಳನ್ನು ಓದಿದರೆ ಅರ್ಥ ಆಗುತ್ತಾ? 30ಕ್ಕಿಂತ ಜಾಸ್ತಿ ಪುಸ್ತಕ ಇವೆಯಂತೆ. ಯಾವುದು ಮೊದಲು?

ಧಾರಾಳವಾಗಿ ಓದಿ, ಅರ್ಥ ಆಗುತ್ತದೆ. ಈ ಸರಣಿಯ ಮೊದಲ ಕಾದಂಬರಿ ‘ದಿ ಫಾಲ್ ಆಫ್ ರೀಚ್’ ಅಂಗಡಿಗೆ ಬಂದದ್ದು 2001ರ ಅಕ್ಟೋಬರ್ ಕೊನೆಯಲ್ಲಿ. ಮೊದಲ ಗೇಮ್ ಬಂದದ್ದು ಅದೇ ವರ್ಷ ನವೆಂಬರ್ 15ಕ್ಕೆ, ಎಕ್ಸ್‌ಬಾಕ್ಸ್ ಅನ್ನೋ ಗೇಮ್ ಯಂತ್ರದ ಜೊತೆಗೆ. ಅಂದರೆ ಈ ಪುಸ್ತಕದ ಮೊಟ್ಟಮೊದಲ ಓದುಗರೂ ಗೇಮ್ ಆಡಿರಲಿಲ್ಲ! ಲೇಖಕ ಎರಿಕ್ ನೈಲಂಡ್ ಕೂಡ ಓದುಗರಿಗೆ ಏನೂ ಗೊತ್ತಿಲ್ಲ ಅಂದುಕೊಂಡೇ ಕಥೆ ಶುರು ಮಾಡುತ್ತಾರೆ. ನೀವು ಕೂಡ ಅಲ್ಲಿಂದಲೇ ಶುರು ಮಾಡಿ.

ಗೇಮಿನಲ್ಲಿ ಏನಿದೆ ಅಂತ ಎರಡು ಮಾತಲ್ಲಿ ಹೇಳಿಬಿಡುತ್ತೇನೆ. 26ನೇ ಶತಮಾನ. ಕೊವೆನೆಂಟ್ ಅನ್ನೋ ಅನ್ಯಗ್ರಹ ಜೀವಿಗಳ ಒಕ್ಕೂಟ ಮನುಷ್ಯರನ್ನು ಗ್ರಹದಿಂದ ಗ್ರಹಕ್ಕೆ ಅಟ್ಟಿಸಿಕೊಂಡು ಬಂದು ಸುಡುತ್ತಿದೆ. ಅವರ ಎದುರು ನಿಲ್ಲುವವನು ಹಸಿರು ಕವಚ ತೊಟ್ಟ ಯೋಧ ಮಾಸ್ಟರ್ ಚೀಫ್. ಮಾತು ಕಡಿಮೆ. ಮೊದಲ ಗೇಮಿನಲ್ಲಿ ಮುಖವೂ ಕಾಣುವುದಿಲ್ಲ. ಅದು ಬೇಕೆಂದೇ ಮಾಡಿದ್ದು. ಆಡುವವರು ಆ ಹೆಲ್ಮೆಟ್ ಒಳಗೆ ತಾವೇ ಇದ್ದೇವೆ ಅಂದುಕೊಳ್ಳಬೇಕಲ್ವಾ? ಒಳಗಿರುವವನಿಗೆ ತನ್ನದೇ ಆದ ದೊಡ್ಡ ಕಥೆ ಇದ್ದರೆ ಅದು ಆಟಕ್ಕೆ ಅಡ್ಡಿ.

ಗೇಮಿಗೆ ಬೇಡವಾದ ಆ ಕಥೆಯೇ ಪುಸ್ತಕಕ್ಕೆ ಬಂಡವಾಳ.

‘ದಿ ಫಾಲ್ ಆಫ್ ರೀಚ್’ ಶುರುವಾಗುವುದು 2517ರಲ್ಲಿ. ಡಾ. ಕ್ಯಾಥರಿನ್ ಹಾಲ್ಸಿ ಎಂಬ ವಿಜ್ಞಾನಿ ಒಬ್ಬ ಯುವ ಅಧಿಕಾರಿಯನ್ನು ಜೊತೆಗೆ ಕರೆದುಕೊಂಡು ದೂರದ ಗ್ರಹವೊಂದಕ್ಕೆ, ಅಲ್ಲಿನ ಶಾಲೆಯ ಆಟದ ಮೈದಾನಕ್ಕೆ ಬರುತ್ತಾರೆ. ಮಕ್ಕಳು ದಿಬ್ಬದ ಮೇಲೆ ಒಬ್ಬರನ್ನೊಬ್ಬರು ತಳ್ಳಾಡುತ್ತಿದ್ದಾರೆ. ತುದಿಯಲ್ಲಿ ನಿಂತಿರುವ ಆರು ವರ್ಷದ ಹುಡುಗನನ್ನು ಯಾರಿಂದಲೂ ಕೆಳಗಿಳಿಸಲು ಆಗುತ್ತಿಲ್ಲ. ಹೆಸರು ಜಾನ್. ಹಾಲ್ಸಿ ಅವನನ್ನು ಕರೆದು ಒಂದು ಹಳೇ ನಾಣ್ಯ ತೋರಿಸುತ್ತಾರೆ. ಒಂದು ಕಡೆ ಹದ್ದಿನ ಚಿತ್ರ. ನಾಣ್ಯ ಚಿಮ್ಮುತ್ತೇನೆ, ಯಾವ ಮುಖ ಅಂತ ಹೇಳು ಅನ್ನುತ್ತಾರೆ. ಹುಡುಗ ತಿರುಗುವ ನಾಣ್ಯದ ಮೇಲಿಂದ ಕಣ್ಣು ಕೀಳದೆ ನೋಡಿ ‘ಹದ್ದು’ ಅನ್ನುತ್ತಾನೆ. ಅವನು ಹೇಳಿದ್ದು ಸರಿ. ನಾಣ್ಯವನ್ನು ಅವನ ಕೈಗೇ ಕೊಟ್ಟು ಹೋಗುತ್ತಾರೆ.

ಮುದ್ದಾದ ದೃಶ್ಯ ಅನ್ನಿಸುತ್ತದೆ. ಸ್ವಲ್ಪ ಹೊತ್ತಿಗೇ ಅದು ಏನು ಅಂತ ಗೊತ್ತಾಗುತ್ತದೆ. ಅಪಹರಿಸಬೇಕಾದ ಮಕ್ಕಳ ಪಟ್ಟಿ ತಯಾರಾಗುತ್ತಿದೆ. ಜಾನ್‌ನಂತಹ 75 ಮಕ್ಕಳನ್ನು ರಾತ್ರೋರಾತ್ರಿ ಎತ್ತಿಕೊಂಡು ಹೋಗುತ್ತಾರೆ. ಅಪ್ಪ ಅಮ್ಮಂದಿರಿಗೆ ಅನುಮಾನ ಬರಬಾರದು ಅಂತ ಅವರ ಜಾಗದಲ್ಲಿ ಅವಸರದಲ್ಲಿ ಬೆಳೆಸಿದ ತದ್ರೂಪಿ ಮಕ್ಕಳನ್ನು ಬಿಡುತ್ತಾರೆ. ಆ ತದ್ರೂಪಿಗಳು ಕಾಯಿಲೆ ಬಿದ್ದು ಸಾಯುತ್ತವೆ. ಮನೆಯವರು ತಮ್ಮ ಮಗುವೇ ಹೋಯಿತು ಅಂದುಕೊಂಡು ಅಳುತ್ತಾರೆ.

ಗೇಮ್ ಆಡಿದವರಲ್ಲೂ ತುಂಬ ಜನಕ್ಕೆ ಗೊತ್ತಿಲ್ಲದ ಇನ್ನೊಂದು ವಿಷಯ ಇದೆ. ಈ ಮಕ್ಕಳನ್ನು ಎತ್ತಿಕೊಂಡು ಹೋದದ್ದು ಅನ್ಯಗ್ರಹ ಜೀವಿಗಳ ಜೊತೆ ಹೋರಾಡಲು ಅಲ್ಲ. 2517ರಲ್ಲಿ ಕೊವೆನೆಂಟ್ ಹೆಸರನ್ನೂ ಯಾರೂ ಕೇಳಿರಲಿಲ್ಲ. ಭೂಮಿಯ ಆಡಳಿತದ ವಿರುದ್ಧ ಎದ್ದಿದ್ದ ದೂರದ ಗ್ರಹಗಳ ಮನುಷ್ಯರನ್ನು ಹತ್ತಿಕ್ಕಲು ಈ ಸ್ಪಾರ್ಟನ್ ಯೋಜನೆ. ಅನ್ಯಗ್ರಹದವರು ಎದುರಾಗುವುದು 2525ರಲ್ಲಿ. ಅಷ್ಟು ಹೊತ್ತಿಗೆ ಮಕ್ಕಳಿಗೆ ಹದಿನಾಲ್ಕು. ಮೂಳೆ, ಸ್ನಾಯು, ಕಣ್ಣು ಎಲ್ಲವನ್ನೂ ಬದಲಿಸುವ ಶಸ್ತ್ರಚಿಕಿತ್ಸೆಯಲ್ಲಿ 30 ಮಂದಿ ಸತ್ತು, 12 ಮಂದಿಯ ಮೈ ಕೈ ಊನವಾಗಿ, 33 ಮಂದಿ ಉಳಿದಿರುತ್ತಾರೆ. ಗೇಮಿನಲ್ಲಿ ಹೀರೋ ಅಂತ ಚಪ್ಪಾಳೆ ಗಿಟ್ಟಿಸುವ ಮಾಸ್ಟರ್ ಚೀಫ್, ಅಂದರೆ ಇದೇ ಜಾನ್, ಆ 33ರಲ್ಲಿ ಒಬ್ಬ.

ತರಬೇತಿಯ ಅಧ್ಯಾಯಗಳು ನನ್ನ ಪ್ರಕಾರ ಇಡೀ ಸರಣಿಯಲ್ಲೇ ಚೆನ್ನಾಗಿರುವವು. ಶುರುವಿನಲ್ಲೇ ಒಂದು ಪಂದ್ಯ ಬರುತ್ತದೆ. ಮೂರು ಮೂರು ಮಕ್ಕಳ ತಂಡ. ಕಂಬ, ಹಗ್ಗ ಎಲ್ಲ ದಾಟಿ ಮೇಲೆ ಹೋಗಿ ಗಂಟೆ ಬಾರಿಸಬೇಕು. ಜಾನ್ ಎಲ್ಲರನ್ನೂ ಹಿಂದೆ ಹಾಕಿ ಓಡಿಹೋಗಿ ಗಂಟೆ ಬಾರಿಸುತ್ತಾನೆ. ತಾನು ಗೆದ್ದೆ ಅಂದುಕೊಂಡರೆ, ಜೊತೆಯವರಿಬ್ಬರು ಹಿಂದೆ ಉಳಿದಿದ್ದಾರೆ. ತಂಡ ಸೋತಿದೆ, ರಾತ್ರಿ ಊಟ ಇಲ್ಲ. ಮಾರನೇ ದಿನ ಮೂವರೂ ಒಟ್ಟಿಗೆ ಹೋಗುತ್ತಾರೆ. ಮನೆ ನೆನಪಾಗಿ ಅಳಬೇಕಾದ ವಯಸ್ಸಿನ ಮಗುವನ್ನು ಹಸಿವು ತೋರಿಸಿ ಪಳಗಿಸುವುದನ್ನು ಲೇಖಕರು ಕೂಗಾಡದೆ, ಭಾಷಣ ಬಿಗಿಯದೆ ಬರೆಯುತ್ತಾರೆ.

ಎಲ್ಲ ಹೀಗೇ ಇರುತ್ತದೆ ಅಂತ ನಂಬಿ ಕೂರಬೇಡಿ. ಪುಸ್ತಕದ ಎರಡನೇ ಅರ್ಧದಲ್ಲಿ ಹಡಗು, ಫಿರಂಗಿ, ಲೆಫ್ಟಿನೆಂಟ್, ಕಮಾಂಡರ್ ಅಂತ ಸುರಿಮಳೆ. ಬಾಹ್ಯಾಕಾಶದ ಯುದ್ಧ ಇಷ್ಟ ಇದ್ದರೆ ಹಬ್ಬ, ಇಲ್ಲದಿದ್ದರೆ ಅಲ್ಲಲ್ಲಿ ಪುಟ ಹಾರಿಸಿದರೂ ನಷ್ಟವಿಲ್ಲ. ಇಂಗ್ಲಿಷ್ ಮಾತ್ರ ಸಲೀಸು, ನಿಘಂಟು ಪಕ್ಕದಲ್ಲಿ ಇಟ್ಟುಕೊಳ್ಳಬೇಕಾಗಿಲ್ಲ. ಕಥೆ ಮುಗಿಯುವ ಜಾಗದಲ್ಲೇ ಮೊದಲ ಗೇಮ್ ಶುರುವಾಗುತ್ತದೆ.

ಇನ್ನು ಮುಂದೆ ಯಾವುದು? ಇಲ್ಲಿ ನಿಮಗೂ ನಿಮ್ಮ ತಮ್ಮನಿಗೂ ಉತ್ತರ ಬೇರೆ ಬೇರೆ.

2003ರಲ್ಲಿ ಬಂದ ‘ದಿ ಫ್ಲಡ್’ ಮೊದಲ ಗೇಮಿನ ಕಥೆಯನ್ನೇ ಕಾದಂಬರಿ ಮಾಡಿದ್ದು. ಬರೆದವರು ವಿಲಿಯಂ ಡೀಟ್ಸ್. ಗೇಮ್ ಆಡಿದವನಿಗೆ ಇದು ಬೇಜಾರು. ಈ ಬಾಗಿಲು ತೆರೆದ, ಆ ಶತ್ರುವನ್ನು ಹೊಡೆದ ಅಂತ ತಾನು ಕೈಯಾರೆ ಮಾಡಿದ್ದನ್ನು ಇನ್ನೊಬ್ಬರು ವರದಿ ಒಪ್ಪಿಸಿದರೆ ಏನು ಸ್ವಾರಸ್ಯ? ನಿಮಗೆ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ, ಗೇಮಿನ ಬದಲಿಗೆ ಇದನ್ನೇ ಓದಿಕೊಳ್ಳಬಹುದು. ಶತ್ರುಪಾಳಯದಲ್ಲಿರುವ ಯಾಯಪ್ ಅನ್ನೋ ಕುಳ್ಳ ಸೈನಿಕನ ಭಾಗಗಳು ಮಜವಾಗಿವೆ. ಅವನಿಗೆ ಯುದ್ಧ ಗೆಲ್ಲೋದಕ್ಕಿಂತ ಜೀವ ಉಳಿಸಿಕೊಳ್ಳೋ ಚಿಂತೆಯೇ ಜಾಸ್ತಿ.

ಅದರ ನಂತರ ‘ಫಸ್ಟ್ ಸ್ಟ್ರೈಕ್’, ಮತ್ತೆ ನೈಲಂಡ್ ಅವರದ್ದೇ. ಮೊದಲ ಗೇಮ್ ಮುಗಿದಾಗ ಮಾಸ್ಟರ್ ಚೀಫ್ ಸಣ್ಣ ನೌಕೆಯೊಂದರಲ್ಲಿ ಎಲ್ಲೋ ದೂರದಲ್ಲಿ ಸಿಕ್ಕಿಹಾಕಿಕೊಂಡಿರುತ್ತಾನೆ. 2004ರ ಎರಡನೇ ಗೇಮ್ ಶುರುವಾದಾಗ ಭೂಮಿಯ ಹತ್ತಿರ ಆರಾಮಾಗಿ ನಿಂತಿರುತ್ತಾನೆ. ಹೇಗೆ ಬಂದ? ಗೇಮ್ ಹೇಳುವುದೇ ಇಲ್ಲ, ಈ ಪುಸ್ತಕ ಹೇಳುತ್ತದೆ. ನಿಮ್ಮ ತಮ್ಮನಿಗೆ ಒಂದೇ ಪುಸ್ತಕ ಕೊಡಿಸುವುದಾದರೆ ಇದನ್ನು ಕೊಡಿಸಿ.

ಒಂದು ಎಚ್ಚರಿಕೆ. ಕಥೆಯ ಕಾಲದ ಪ್ರಕಾರ ಜೋಡಿಸಿದ ಪಟ್ಟಿ ಹಿಡಿದು ಓದಲು ಹೋಗಬೇಡಿ. ಆ ಲೆಕ್ಕದಲ್ಲಿ ಮೊದಲು ಬರುವುದು ಫೋರ್‌ರನ್ನರ್ ಅನ್ನೋ ಪುರಾತನ ಅನ್ಯಗ್ರಹ ಜನಾಂಗದ ಬಗ್ಗೆ ಗ್ರೆಗ್ ಬೇರ್ ಬರೆದ ಮೂರು ಪುಸ್ತಕಗಳು (2011ರಿಂದ 2013). ಕಥೆ ನಡೆಯುವುದು ಸುಮಾರು ಒಂದು ಲಕ್ಷ ವರ್ಷ ಹಿಂದೆ. ಬೇರ್ ಸೈನ್ಸ್ ಫಿಕ್ಷನ್‌ನಲ್ಲಿ ದೊಡ್ಡ ಹೆಸರು, ಬರವಣಿಗೆ ಗಟ್ಟಿ. ಆದರೆ ಅಲ್ಲಿನ ಒಂದೊಂದು ವಿಷಯಕ್ಕೂ ತೂಕ ಬರುವುದು ಮುಂದೆ ಏನಾಗುತ್ತದೆ ಅಂತ ಗೊತ್ತಿದ್ದರೆ ಮಾತ್ರ. ಮೊದಲೇ ಹಿಡಿದರೆ 50ನೇ ಪುಟಕ್ಕೆ ಕೈಬಿಡುತ್ತೀರಿ. ಪುಸ್ತಕಗಳು ಅಚ್ಚಾದ ಕ್ರಮವೇ ಒಳ್ಳೆಯದು.

ಸರಣಿ ಗಿರಣಿ ಬೇಡ, ಒಂದೇ ಒಂದು ಪುಸ್ತಕ ಸಾಕು ಅನ್ನುವವರಿಗೆ 2007ರ ‘ಕಾಂಟ್ಯಾಕ್ಟ್ ಹಾರ್ವೆಸ್ಟ್’ ಇದೆ. ಬರೆದ ಜೋಸೆಫ್ ಸ್ಟೇಟನ್ ಗೇಮಿನ ಕಥೆಗಾರರಲ್ಲೇ ಒಬ್ಬರು. ಹಾರ್ವೆಸ್ಟ್ ಬೇಸಾಯ ಮಾಡಿಕೊಂಡಿರುವ ಜನರ ಗ್ರಹ. ಮನುಷ್ಯರು ಮತ್ತು ಕೊವೆನೆಂಟ್ ಮೊದಲ ಸಲ ಮುಖಾಮುಖಿಯಾಗುವುದು ಅಲ್ಲಿ. ಆ ಭೇಟಿ ಯುದ್ಧಕ್ಕೆ ತಿರುಗಿದ್ದು ಹೇಗೆ ಅಂತ ಎರಡೂ ಕಡೆಯಿಂದ ನಿಂತು ಹೇಳುತ್ತಾರೆ. ಮಾಸ್ಟರ್ ಚೀಫ್ ಕಥೆ ಇದಲ್ಲ, ಹಾಗಾಗಿ ಬೇರೆ ಯಾವುದನ್ನೂ ಓದಿರಬೇಕಾಗಿಲ್ಲ. ‘ರೀಚ್’ ಓದಿ ಆ ಕಳೆದುಹೋದ ಮಕ್ಕಳ ಮನೆಯವರು ಏನಾದರು ಅಂತ ಕಾಡಿದರೆ ಮಾತ್ರ ಕ್ಯಾರನ್ ಟ್ರಾವಿಸ್ ಬರೆದ ಮೂರು ಪುಸ್ತಕಗಳ ಕಡೆ ಹೋಗಿ. ಮೂರನೆಯದಾದ ‘ಮಾರ್ಟಲ್ ಡಿಕ್ಟಾಟಾ’ದಲ್ಲಿ ಒಬ್ಬ ಅಪ್ಪ ಇದ್ದಾನೆ. ಮನೆಯಲ್ಲಿ ಸತ್ತದ್ದು ತನ್ನ ಮಗಳಲ್ಲ ಅಂತ ಅವನು ಪತ್ತೆ ಹಚ್ಚಿಬಿಟ್ಟಿದ್ದಾನೆ.

ನೀವು ಕೇಳಿಲ್ಲ, ಆದರೂ ಇದನ್ನು ಹೇಳಬೇಕು: ಪುಸ್ತಕಕ್ಕೂ ಗೇಮಿಗೂ ಎಲ್ಲ ಕಡೆ ತಾಳೆಯಾಗುವುದಿಲ್ಲ. 2010ರಲ್ಲಿ ‘ಹೇಲೋ ರೀಚ್’ ಗೇಮ್ ಬಂತು. ಒಂಬತ್ತು ವರ್ಷ ಪುಸ್ತಕ ಹೇಳಿದ್ದೇ ನಿಜ ಅಂತ ನಂಬಿದ್ದವರಿಗೆ ಅದನ್ನು ಕಂಡು ತಲೆ ಕೆಟ್ಟಿತು. ರೀಚ್ ಗ್ರಹದ ಮೇಲಿನ ದಾಳಿ ಪುಸ್ತಕದಲ್ಲಿ 2552ರ ಆಗಸ್ಟ್ 30ಕ್ಕೆ ಶುರು. ಗೇಮಿನಲ್ಲಿ ಅದಕ್ಕೆ ವಾರಗಳ ಮುಂಚೆಯೇ ಶತ್ರುಗಳು ಗ್ರಹದ ಮೇಲೆ ಇಳಿದಿರುತ್ತಾರೆ. ಗೇಮಿನ ದುಬಾರಿ ಆವೃತ್ತಿಯ ಜೊತೆ ಡಾ. ಹಾಲ್ಸಿಯ ದಿನಚರಿ ಅಂತ ಒಂದು ಪುಟ್ಟ ಪುಸ್ತಕ ಕೊಟ್ಟು ಎರಡು ಕಥೆಗಳಿಗೂ ಹೊಲಿಗೆ ಹಾಕಲು ನೋಡಿದರು. ಎಲ್ಲರಿಗೂ ಸಮಾಧಾನವಾಗಲಿಲ್ಲ. 2022ರ ಟಿವಿ ಸರಣಿಯಂತೂ ಬೇರೆಯದೇ ದಾರಿ ಹಿಡಿಯಿತು. ಅದನ್ನು ನೋಡಿದ್ದರೆ ಪುಸ್ತಕ ಓದುವಾಗ ಪಕ್ಕಕ್ಕಿಡಿ.

ಗೇಮ್ ಕಾದಂಬರಿ ಅಂದಕೂಡಲೇ ಕೆಲವರು ‘ವಿಚರ್’ ಹೆಸರು ಎತ್ತುತ್ತಾರೆ. ಅದು ಉಲ್ಟಾ ಕೇಸು. ಪೋಲೆಂಡಿನ ಆಂದ್ಜೆ ಸಾಪ್ಕೋವ್‌ಸ್ಕಿ ಮೊದಲ ಕಥೆ ಬರೆದದ್ದು 1986ರಲ್ಲಿ, ಮೊದಲ ಗೇಮ್ ಬಂದದ್ದು 2007ರಲ್ಲಿ. ಅಲ್ಲಿ ಗೇಮೇ ಪುಸ್ತಕದ ಮುಂದುವರಿದ ಭಾಗ, ಆಡಿದ್ದೀರಾ ಇಲ್ಲವಾ ಅನ್ನೋ ಪ್ರಶ್ನೆಯೇ ಬರುವುದಿಲ್ಲ.

‘ರೀಚ್’ ಪುಸ್ತಕ ಮುಗಿದ ಮೇಲೆ ಒಂದು ದಿನ ತಮ್ಮನ ಪಕ್ಕ ಕೂತು ‘ಹೇಲೋ ರೀಚ್’ ಆಡಿಸಿ ನೋಡಿ, ಅದು ಕಂಪ್ಯೂಟರಿನಲ್ಲೂ ಸಿಗುತ್ತದೆ. ಕೊನೆಯ ಹಂತದಲ್ಲಿ ‘ಪಿಲ್ಲರ್ ಆಫ್ ಆಟಮ್’ ಹಡಗು ನೆಲದ ಮೇಲಿನ ಕಟ್ಟೆಯಲ್ಲಿ ನಿಂತಿರುತ್ತದೆ. ಪುಸ್ತಕದಲ್ಲಿ ಅದು ಮೇಲೆ ಬಾಹ್ಯಾಕಾಶದಲ್ಲೇ ಇತ್ತಲ್ಲ ಅಂತ ಕೇಳಿ. ಅವನು ಏನು ಹೇಳುತ್ತಾನೋ ನೋಡೋಣ.