ಸರ್ಕಾರಿ ಆಸ್ಪತ್ರೆಯಲ್ಲಿ ಫ್ರೀ ಅಂದ್ರೂ ದುಡ್ಡು ಎಲ್ಲಿಗೆ ಹೋಗುತ್ತೆ?

ಪ್ರಶ್ನೆ: ಎರಡು ವರ್ಷದ ಮಗನಿಗೆ ನ್ಯುಮೋನಿಯಾ ಅಂತ ತಾಲ್ಲೂಕು ಆಸ್ಪತ್ರೆಗೆ ಸೇರಿಸಿದ್ದೆವು. ಬಿಲ್ ಕಟ್ಟಲಿಲ್ಲ. ಆದರೂ ಮನೆಗೆ ಬರುವಷ್ಟರಲ್ಲಿ ಕೈ ಖಾಲಿ. ಯಾಕೆ ಹೀಗೆ?

ಉತ್ತರ: ಔಷಧಿಗೆ ಅಷ್ಟೇನೂ ಖರ್ಚಿಲ್ಲ. ಸಾಮಾನ್ಯ ನ್ಯುಮೋನಿಯಾಕ್ಕೆ ಮೊದಲು ಕೊಡುವ ಅಮಾಕ್ಸಿಸಿಲಿನ್ ಹಳೆಯ, ಅಗ್ಗದ ಔಷಧಿ. ದುಡ್ಡು ಸೋರುವುದು ಬೇರೆ ಕಡೆ.

ನಮ್ಮ ಬೀದಿಯಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ತಾಯಿ ಇದ್ದಾರೆ. ಮಗಳು ಐದು ದಿನ ಅಡ್ಮಿಟ್ ಆಗಿದ್ದಾಗ ಔಷಧಿ ಚೀಟಿಯ ಹಿಂದೆ ಲೆಕ್ಕ ಬರೆದಿಟ್ಟಿದ್ದರು. ಆಟೋ, ಬಸ್ಸು, ಇಬ್ಬರ ಊಟ ತಿಂಡಿ, ಬಿಸಿನೀರಿಗೆ ಒಂದು ಫ್ಲಾಸ್ಕ್, ಹೊರಗೆ ತೆಗೆಸಿದ ಎಕ್ಸ್‌ರೇ. ಅದಕ್ಕೂ ಮುಂಚೆ ಕ್ಲಿನಿಕ್ಕಿಗೆ ಮೂರು ಸಲ ಕೊಟ್ಟ ಫೀಸು, ಮೂರು ಬಾಟಲಿ ಸಿರಪ್ಪು. ಗಂಡ ಹೆಂಡತಿಯ ಐದು ದಿನದ ಸಂಬಳ ಹೋಗಿದ್ದನ್ನು ಮಾತ್ರ ಬರೆದಿರಲಿಲ್ಲ. ಎಲ್ಲಕ್ಕಿಂತ ಜಾಸ್ತಿ ಅದೇ ಅಲ್ವಾ?

ಆ ಮೂರು ಸಿರಪ್ಪಿನ ದಿನಗಳೇ ದುಬಾರಿ. ಕಾಯಿಲೆ ಬಲಿತರೆ ಆಕ್ಸಿಜನ್, ಐಸಿಯು ಅಂತ ಶುರುವಾಗುತ್ತದೆ. ಖಾಸಗಿ ಆಸ್ಪತ್ರೆಯಾದರೆ ಒಡವೆ ಅಡವಿಡುವ ಹೊತ್ತು.

ಸರ್ಕಾರದ ನೆರವಿದೆ, ಕೇಳಿ ಪಡೆಯಬೇಕು. ವರ್ಷದೊಳಗಿನ ಕೂಸಿಗೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಔಷಧಿ, ಪರೀಕ್ಷೆ, ಓಡಾಟದ ವಾಹನ ಎಲ್ಲ ಉಚಿತ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರ) ಶೇ 30 ಮಾತ್ರ. ತುರ್ತು ಇಲ್ಲದಿದ್ದರೆ ಖಾಸಗಿಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಅದಿಲ್ಲದೆ ಹೋಗಿ ಕೈ ಸುಟ್ಟುಕೊಂಡವರು ಬಹಳ.

ನ್ಯುಮೋನಿಯಾ ತಡೆಯಲು ಹಾಕುವ ಪಿಸಿವಿ ಲಸಿಕೆಯೂ 2021ರಿಂದ ದೇಶದ ಎಲ್ಲ ಕಡೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಒಂದೂವರೆ ತಿಂಗಳು, ಮೂರೂವರೆ ತಿಂಗಳು, 9 ತಿಂಗಳಿಗೆ ಹಾಕುತ್ತಾರೆ. ಹೊರಗೆ ಒಂದೊಂದು ಡೋಸಿಗೂ ಸಾವಿರಗಟ್ಟಲೆ.

ಇನ್ನು ಮುಂದೆ ಮಗುವಿಗೆ ಕೆಮ್ಮು ಬಂದರೆ ಹೀಗೆ ಮಾಡಿ. ಮಗು ಅಳದೆ ಮಲಗಿದ್ದಾಗ ಅಂಗಿ ಎತ್ತಿ, ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟು ಉಸಿರು ಎಣಿಸಿ. ಪೂರ್ತಿ ಒಂದು ನಿಮಿಷ, ಅರ್ಧಕ್ಕೆ ನಿಲ್ಲಿಸಿ ಎರಡರಿಂದ ಗುಣಿಸಬೇಡಿ. ಎರಡು ತಿಂಗಳೊಳಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸುಮ್ನೆ ಕಷಾಯ ಕುಡಿಸುತ್ತಾ ಕೂರಬೇಡಿ, ಅವತ್ತೇ ತೋರಿಸಿ. ಉಸಿರೆಳೆದಾಗ ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಹಾಲು ಕುಡಿಯದಿದ್ದರೆ 108ಕ್ಕೆ ಫೋನ್ ಮಾಡಿ. ಅದಕ್ಕೂ ದುಡ್ಡಿಲ್ಲ.