ವಾರಂಟಿಯಲ್ಲಿರುವ ಟ್ರ್ಯಾಕ್ಟರ್: ಸರ್ವಿಸ್ ಮತ್ತು ರಿಪೇರಿಯ ಲೆಕ್ಕಾಚಾರ

ಐಟಿಐನಲ್ಲಿ ಮೆಕ್ಯಾನಿಕ್ ಟ್ರ್ಯಾಕ್ಟರ್, ಮೆಕ್ಯಾನಿಕ್ ಡೀಸೆಲ್ ಓದುತ್ತಿರುವವರಿಗೆ, ಡೀಲರ್ ವರ್ಕ್‌ಶಾಪ್‌ಗೆ ಹೊಸದಾಗಿ ಸೇರಿದ ಅಪ್ರೆಂಟಿಸ್‌ಗಳಿಗೆ ಈ ಟಿಪ್ಪಣಿ. ಎಂಜಿನ್ ಬಿಚ್ಚಿ ಜೋಡಿಸುವುದನ್ನು ನಮಗೆ ಚೆನ್ನಾಗಿ ಕಲಿಸುತ್ತಾರೆ. ಯಾವ ಗಾಡಿಯನ್ನು ಯಾವ ವಾರ ಕರೆಸಬೇಕು, ಯಾವ ಕೆಲಸದ ಖರ್ಚು ಕಂಪನಿಯದು, ಯಾವುದು ರೈತರದು ಅನ್ನೋದು ಮಾತ್ರ ವರ್ಕ್‌ಶಾಪ್‌ಗೆ ಕಾಲಿಟ್ಟ ಮೇಲೇ ಗೊತ್ತಾಗುವುದು.

ತಾರೀಖು ಮತ್ತು ಗಂಟೆ

ಟ್ರ್ಯಾಕ್ಟರ್ ವಾರಂಟಿಗೆ ಎರಡು ಗಡಿ ಇರುತ್ತದೆ. ಉದಾಹರಣೆಗೆ 2 ವರ್ಷ ಅಥವಾ 2000 ಗಂಟೆ, ಯಾವುದು ಮೊದಲು ಮುಗಿಯುತ್ತದೋ ಅದು. ರೈತರು ನೆನಪಿಟ್ಟುಕೊಳ್ಳುವುದು ವರ್ಷವನ್ನು. ಬಾಡಿಗೆಗೆ ಟ್ರಾಲಿ ಹೊಡೆಯುವ ಗಾಡಿ ತಿಂಗಳಿಗೆ 90 ಗಂಟೆ ಓಡಿತು ಅಂದುಕೊಳ್ಳಿ. 2000 ಗಂಟೆ 22 ತಿಂಗಳು ಕಳೆದು ಸ್ವಲ್ಪ ದಿನಕ್ಕೇ ಮುಗಿದುಹೋಗುತ್ತದೆ. ‘ಇನ್ನೂ ಎರಡು ತಿಂಗಳು ಇದೆಯಲ್ವಾ’ ಎಂದು ಅವರು ಬರುವ ಹೊತ್ತಿಗೆ ವಾರಂಟಿ ಇರುವುದಿಲ್ಲ. ಸ್ವಂತ ಹೊಲಕ್ಕಷ್ಟೇ ಬಳಸಿ ತಿಂಗಳಿಗೆ 35 ಗಂಟೆ ಓಡಿಸುವವರದು ಇದಕ್ಕೆ ಉಲ್ಟಾ. ಎರಡು ವರ್ಷಕ್ಕೆ ಬರೀ 840 ಗಂಟೆ, ಅಲ್ಲಿ ತಾರೀಖೇ ಮೊದಲು ಮುಗಿಯುತ್ತದೆ. ಹಾಗಾಗಿ ಗಾಡಿ ಬಂದಾಗಲೆಲ್ಲ ಗಂಟೆ ಮೀಟರ್ ಓದಿ, ಹಿಂದಿನ ಓದಿನ ಜೊತೆ ಹೋಲಿಸಿ, ತಿಂಗಳ ಸರಾಸರಿ ತೆಗೆದು ಜಾಬ್ ಕಾರ್ಡ್ (ಗಾಡಿಯ ದೂರು, ಕೆಲಸ ಬರೆಯುವ ವರ್ಕ್‌ಶಾಪ್ ಚೀಟಿ) ಮೇಲೇ ಬರೆಯಿರಿ. ಮುಂದಿನ ಪ್ಲಾನ್ ಎಲ್ಲಾ ಆ ಒಂದು ಸಂಖ್ಯೆಯ ಮೇಲೆ ನಿಂತಿದೆ.

ಒಂದು ವಿಷಯ ಗಮನಿಸಿ. ಹಳೆಯ ಮೆಕ್ಯಾನಿಕಲ್ ಗಂಟೆ ಮೀಟರ್ ಎಂಜಿನ್ ಸುತ್ತಿನ ಲೆಕ್ಕದಲ್ಲಿ ಓಡುತ್ತದೆ. ನಿಗದಿತ ಆರ್‌ಪಿಎಂನಲ್ಲಿ ಓಡಿದರೆ ಮಾತ್ರ ಗಡಿಯಾರದ ಒಂದು ಗಂಟೆಗೆ ಮೀಟರಿನಲ್ಲೂ ಒಂದು ಗಂಟೆ. ಕಡಿಮೆ ಆರ್‌ಪಿಎಂನಲ್ಲಿ ಓಡಿಸಿದರೆ ಮೀಟರ್ ಕಡಿಮೆ ತೋರಿಸುತ್ತದೆ. ‘ದಿನಕ್ಕೆ ಹತ್ತು ಗಂಟೆ ಓಡಿಸಿದ್ದೀನಿ’ ಎಂದು ರೈತರು ಹೇಳಿದ್ದಕ್ಕೂ ಮೀಟರಿಗೂ ತಾಳೆಯಾಗದಿದ್ದರೆ ಅವರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳಬೇಡಿ.

ಸರ್ವಿಸ್ ಬರುವುದು ಹಂಗಾಮಿನ ನಡುವೆ

ಹಲವು ಮಾದರಿಗಳಲ್ಲಿ ಮೊದಲ ಸರ್ವಿಸ್ 50 ಗಂಟೆಗೆ, ಆಮೇಲೆ 250 ಗಂಟೆಗೊಮ್ಮೆ ಎಂಜಿನ್ ಆಯಿಲ್ ಬದಲಾವಣೆ. ನಿಮ್ಮ ಗಾಡಿಗೆ ಮ್ಯಾನ್ಯುಯಲ್ ಹೇಳಿದ್ದೇ ಕೊನೆ ಮಾತು. ಈಗ ಗಂಗಾವತಿ ಕಡೆಯ ಒಂದು ಗಾಡಿ ತೆಗೆದುಕೊಳ್ಳೋಣ. ಜೂನ್ ಕೊನೆಗೆ ಡೆಲಿವರಿ ಆಯಿತು. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟ ಕೂಡಲೇ ಭತ್ತದ ಗದ್ದೆಯ ಕೆಸರು ಉಳುಮೆ ಶುರು. ದಿನಕ್ಕೆ 10 ಗಂಟೆ ಅಂದರೂ ಐದೇ ದಿನಕ್ಕೆ 50 ಗಂಟೆ. ನಾಟಿಯ ಹೊತ್ತಲ್ಲಿ ಯಾವ ರೈತರೂ ಗಾಡಿಯನ್ನು ವರ್ಕ್‌ಶಾಪ್‌ಗೆ ತಂದು ನಿಲ್ಲಿಸುವುದಿಲ್ಲ, ನಿಲ್ಲಿಸಿ ಎಂದು ಕೇಳುವುದೂ ನ್ಯಾಯವಲ್ಲ. ಡೆಲಿವರಿ ದಿನವೇ ಲೆಕ್ಕ ಹಾಕಿ, ಆಯಿಲ್, ಫಿಲ್ಟರ್ ಸಮೇತ ಸರ್ವಿಸ್ ವ್ಯಾನ್ ಹೊಲಕ್ಕೇ ಕಳಿಸುವ ದಿನ ಗುರುತು ಹಾಕಬೇಕು. ಫ್ರೀ ಸರ್ವಿಸ್ ಅಂದರೆ ಸಾಮಾನ್ಯವಾಗಿ ಕೂಲಿ ಮಾತ್ರ ಫ್ರೀ, ಆಯಿಲ್ ಫಿಲ್ಟರ್ ದುಡ್ಡು ರೈತರದು. ಇದನ್ನೂ ಅವತ್ತೇ ಬಾಯಿಬಿಟ್ಟು ಹೇಳಿ. ಜಗಳ ಜಾಸ್ತಿ ಹುಟ್ಟುವುದು ಈ ಜಾಗದಲ್ಲೇ.

ಕೆಸರಿಗೆ ಇಳಿಯುವ ಗಾಡಿಯಲ್ಲಿ ಕ್ಲಚ್ ಹೌಸಿಂಗ್ ಕೆಳಗಿನ ತೂತನ್ನು ನೋಡಲೇಬೇಕು. ಕೆಸರು ನೀರು ಒಳಗೆ ಹೋಗಬಾರದೆಂದು ಉಳುಮೆಗೆ ಮುಂಚೆ ಅದಕ್ಕೆ ಪ್ಲಗ್ ಹಾಕುತ್ತಾರೆ. ಕೆಲಸ ಮುಗಿದ ಮೇಲೆ ತೆಗೆಯಬೇಕು. ತೆಗೆಯದೆ ಬಿಟ್ಟರೆ ಸೀಲ್‌ನಿಂದ ತೊಟ್ಟಿಕ್ಕುವ ಆಯಿಲ್ ಹೊರಗೆ ಬೀಳುವುದಿಲ್ಲ, ಒಳಗೇ ನಿಂತು ಕ್ಲಚ್ ಪ್ಲೇಟಿಗೆ ತಾಗುತ್ತದೆ. ಪ್ಲೇಟ್ ಸ್ಲಿಪ್ ಆಗಿ ಸುಟ್ಟ ವಾಸನೆ ಬರುವವರೆಗೆ ಲೀಕ್ ಇದೆಯೆಂದೇ ಯಾರಿಗೂ ತಿಳಿಯುವುದಿಲ್ಲ. ನಾಟಿ ಮುಗಿದ ವಾರ ಫೋನ್ ಮಾಡಿ ಪ್ಲಗ್ ತೆಗೆಸಿ. ಗೇರ್ ಆಯಿಲ್ ಡಿಪ್‌ಸ್ಟಿಕ್ಕನ್ನೂ ಎಳೆದು ನೋಡಲು ಹೇಳಿ. ಆಯಿಲ್ ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಅಂಥ ಗಾಡಿ ಮರುದಿನವೇ ಬರಬೇಕು.

ಕ್ಲೇಮ್ ನಿಲ್ಲುವುದು ಕಾರಣದ ಮೇಲೆ

ವಾರಂಟಿ ಇರುವುದು ತಯಾರಿಕೆಯ ಅಥವಾ ಮೆಟೀರಿಯಲ್‌ನ ದೋಷಕ್ಕೆ. ಸವೆದುಹೋಗುವ ಕ್ಲಚ್ ಪ್ಲೇಟ್, ಬ್ರೇಕ್ ಲೈನಿಂಗ್, ಫಿಲ್ಟರ್, ಬೆಲ್ಟ್ ಸಾಮಾನ್ಯವಾಗಿ ಅದರೊಳಗೆ ಬರುವುದಿಲ್ಲ. ಟೈರ್, ಬ್ಯಾಟರಿ, ಡೀಸೆಲ್ ಪಂಪ್‌ಗೆ ಹೆಚ್ಚಾಗಿ ಆಯಾ ತಯಾರಕರದ್ದೇ ಬೇರೆ ವಾರಂಟಿ. ಡೀಸೆಲ್ ಪಂಪಿಗೆ ತಯಾರಕರು ಹಾಕಿದ ಮೊಹರು (ಸೀಲ್) ಒಡೆದರೆ ಆ ದಾರಿಯೂ ಮುಚ್ಚುತ್ತದೆ, ಅದಕ್ಕೆ ಕೈ ಹಾಕಲೇಬೇಡಿ.

ಜಾಬ್ ಕಾರ್ಡ್‌ನಲ್ಲಿ ಮೂರು ವಿಷಯ ಬೇರೆಬೇರೆ ಇರಲಿ: ದೂರು, ಕಾರಣ, ಮಾಡಿದ ಕೆಲಸ. ‘ಹೈಡ್ರಾಲಿಕ್ ಎತ್ತುತ್ತಿಲ್ಲ’ ಎನ್ನುವುದು ದೂರು, ಅದನ್ನು ರೈತರ ಮಾತಿನಲ್ಲೇ ಬರೆಯಿರಿ. ಬಿಚ್ಚಿ ನೋಡಿದಾಗ ಸ್ಟ್ರೇನರ್ (ಆಯಿಲ್ ಸೋಸುವ ಜಾಲರಿ) ಕಟ್ಟಿಕೊಂಡಿದ್ದರೆ ಅದು ಮೇಂಟೆನೆನ್ಸ್ ಬಾಕಿ, ಖರ್ಚು ರೈತರದು. ಸ್ಟ್ರೇನರ್ ಶುಚಿಯಾಗಿದ್ದು, ಆಯಿಲ್ ಸರಿಯಿದ್ದು, ಪ್ರೆಶರ್ ಗೇಜ್ ಹಾಕಿದಾಗ ಪಂಪ್ ಒತ್ತಡ ಬರದಿದ್ದರೆ ಕ್ಲೇಮ್, ಅಂದರೆ ಖರ್ಚು ಕಂಪನಿಯಿಂದ ಕೇಳಬಹುದು. ‘ಪಂಪ್ ಬದಲಿಸಿದೆ’ ಎಂದಷ್ಟೇ ಬರೆದರೆ ಕಂಪನಿ ವಾಪಸ್ ಕಳಿಸುತ್ತದೆ, ಗಾಡಿ ಸುಮ್ನೆ ನಿಂತಿರುತ್ತದೆ, ದಿನಗೂಲಿ ಹೋಗುವುದು ರೈತರದು. ಗೇಜ್ ತೋರಿಸಿದ ಅಂಕಿ, ಮೀಟರ್ ಓದು, ಚಾಸಿಸ್ ಮತ್ತು ಎಂಜಿನ್ ನಂಬರ್, ಡೆಲಿವರಿ ತಾರೀಖು ಎಲ್ಲಾ ಬರೆಯಿರಿ. ತೆಗೆದ ಭಾಗಕ್ಕೆ ಚೀಟಿ ಕಟ್ಟಿ ಎತ್ತಿಡಿ.

2023ರ ಜನವರಿಯಿಂದ 50 ಎಚ್‌ಪಿಗಿಂತ ಹೆಚ್ಚಿನ ಟ್ರ್ಯಾಕ್ಟರುಗಳಿಗೆ ಟ್ರೆಮ್ 4 ಎಂಬ ಹೊಗೆ ಮಾಲಿನ್ಯ ನಿಯಮ ಬಂದಿದೆ. ಇಂಥ ಗಾಡಿಗಳಲ್ಲಿ ಎಲೆಕ್ಟ್ರಾನಿಕ್ ಇಂಜೆಕ್ಷನ್ ಇದ್ದರೆ, ದೋಷ ತೋರಿಸುವ ಫಾಲ್ಟ್ ಕೋಡ್ ಅಳಿಸುವ ಮೊದಲು ಕ್ಲೇಮ್‌ಗೆಂದು ಫೋಟೋ ತೆಗೆಯಿರಿ.

ಕೊನೆಯ 200 ಗಂಟೆ

2000 ಗಂಟೆಯ ಗಾಡಿಯನ್ನು 1800ಕ್ಕೆ ಒಮ್ಮೆ ಕರೆಸಿ. ತಾರೀಖು ಮೊದಲು ಬರುವುದಾದರೆ ಎರಡು ತಿಂಗಳು ಮುಂಚೆ. ಆಕ್ಸಲ್ ಸೀಲ್, ಪಿಟಿಒ ಶಾಫ್ಟ್ (ಹಿಂದಿನ ಉಪಕರಣಕ್ಕೆ ಎಂಜಿನ್ ಶಕ್ತಿ ಕೊಡುವ ದಂಡ) ಲೀಕ್, ಗೇರ್ ಸದ್ದು, ಲಿಫ್ಟ್ ತಾನಾಗೇ ಇಳಿಯುವುದು, ಇವನ್ನೆಲ್ಲ ಪರೀಕ್ಷಿಸಿ, ದೂರು ಏನಿದ್ದರೂ ಅವತ್ತೇ ದಾಖಲಿಸಿ ಕಾರ್ಡಿನ ಪ್ರತಿ ಕೊಡಿ. ಬದಲಿಸಿದ ಭಾಗಕ್ಕೆ ಬಹಳಷ್ಟು ಕಡೆ ಮೂಲ ವಾರಂಟಿಯಲ್ಲಿ ಉಳಿದಷ್ಟೇ ಅವಧಿ ಸಿಗುತ್ತದೆ, ಅದನ್ನೂ ತಿಳಿಸಿ. ನ್ಯಾಯವಾದ ಕ್ಲೇಮ್ ತಳ್ಳಿಹಾಕಿದರೆ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತಕರಾರು ಹುಟ್ಟಿದ 2 ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ಹೋಗಬಹುದು. ಸ್ವಂತ ದುಡಿಮೆಯ ಜೀವನೋಪಾಯಕ್ಕೆಂದೇ ಗಾಡಿ ಕೊಂಡವರನ್ನೂ ಆ ಕಾಯ್ದೆ ಗ್ರಾಹಕರೆಂದೇ ಪರಿಗಣಿಸುತ್ತದೆ. ಅಲ್ಲಿ ಅವರ ಕೈಯಲ್ಲಿರುವ ಮುಖ್ಯ ದಾಖಲೆ ನಾವು ಬರೆದುಕೊಟ್ಟ ಜಾಬ್ ಕಾರ್ಡ್.