ಕೈ ಆಮೇಲೆ ಬೀಸಿ, ಮೊದಲು ಉಸಿರು ಬಿಡಿ

ಒಂದು ಬಗೆಯ ಈಜು ಬಲ್ಲ ವಯಸ್ಕರು ಹೊಸ ಸ್ಟ್ರೋಕ್ ಕಲಿಯಲು ಬಂದಾಗ ಮೊದಲು ಕೇಳುವುದು ಕೈಯ ವಿಚಾರವನ್ನೇ. ‘ಸರ್, ಕೈ ಸರಿಯಾಗಿ ಹೋಗ್ತಿದೆಯಾ?’ ನಾನು ಅಷ್ಟು ಹೊತ್ತೂ ನೋಡುತ್ತಿರುವುದು ಗುಳ್ಳೆಗಳನ್ನು. ಮುಖ ನೀರಿನಲ್ಲಿದ್ದಾಗ ಗುಳ್ಳೆ ಬರುತ್ತಿಲ್ಲ ಎಂದರೆ ಉಸಿರು ಕಟ್ಟಿಕೊಂಡಿದ್ದಾರೆ ಎಂದೇ ಲೆಕ್ಕ. ಅಂಥವರು ಕೈಯನ್ನು ಎಷ್ಟು ಚೆಂದ ಬೀಸಿದರೂ ಫ್ರೀಸ್ಟೈಲ್ (ಬೋರಲಾಗಿ, ಒಂದಾದ ಮೇಲೊಂದು ಕೈ ಬೀಸುವ ಈಜು) ಕೈಗೆ ಹತ್ತುವುದಿಲ್ಲ.

ದಿನಾ ಕಿಲೋಮೀಟರ್‌ಗಟ್ಟಲೆ ಓಡುವವರೂ 25 ಮೀಟರ್ ಫ್ರೀಸ್ಟೈಲ್ ಮುಗಿಸುವಷ್ಟರಲ್ಲಿ ಏದುಸಿರು ಬಿಡುತ್ತಾ ಗೋಡೆ ಹಿಡಿಯುತ್ತಾರೆ. ‘ದಮ್ಮು ಸಾಲ್ತಿಲ್ಲ’ ಅನ್ನುತ್ತಾರೆ. ದಮ್ಮು ಬೇಕಾದಷ್ಟಿದೆ. ಬಾಯಿ ನೀರಿನಿಂದ ಹೊರಗಿರುವ ಒಂದೇ ಕ್ಷಣದಲ್ಲಿ ಹಳೆ ಗಾಳಿ ಬಿಡುವುದು, ಹೊಸ ಗಾಳಿ ಎಳೆಯುವುದು ಎರಡನ್ನೂ ಮಾಡಲು ಹೋಗಿ ಎರಡೂ ಅರ್ಧಂಬರ್ಧ ಆಗಿರುತ್ತವೆ. ಉಸಿರಾಡಲೇಬೇಕು ಎಂಬ ಚಡಪಡಿಕೆ ಹುಟ್ಟುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ. ಅದನ್ನು ಒಳಗೇ ಹಿಡಿದಿಟ್ಟರೆ ಗಾಬರಿ ಬರದೆ ಇನ್ನೇನು? ಮುಖ ನೀರಿಗಿಳಿದ ಕೂಡಲೇ ಸಣ್ಣಗೆ ಬಿಡುತ್ತಾ ಹೋಗಿ, ಬಾಯಿ ಮೇಲೆ ಬರುವ ಮುಂಚೆ ಉಳಿದದ್ದನ್ನು ಒಮ್ಮೆಲೇ ಊದಿಬಿಡಿ. ಮೇಲೆ ಬಂದಾಗ ಎಳೆದುಕೊಳ್ಳುವುದೊಂದೇ ಕೆಲಸ ಉಳಿಯುತ್ತದೆ.

ಎರಡನೇ ತೊಡಕು ತಲೆ. ತಲೆ ಮೇಲಿಟ್ಟೇ ವರ್ಷಗಟ್ಟಲೆ ಈಜಿದವರಿಗೆ ಉಸಿರು ಬೇಕೆನಿಸಿದಾಗ ಕತ್ತು ತಾನಾಗಿ ಎದ್ದುಬಿಡುತ್ತದೆ. ನಮ್ಮನ್ನು ತೇಲಿಸುವ ಶ್ವಾಸಕೋಶ ಎದೆಯಲ್ಲಿದೆ, ಭಾರದ ಕೇಂದ್ರ ಸೊಂಟದ ಕಡೆಗಿದೆ. ಹಾಗಾಗಿ ಕಾಲು ಮೊದಲೇ ಮುಳುಗಲು ಕಾದಿರುತ್ತದೆ. ತಲೆ ಎತ್ತಿದರೆ ಸೊಂಟವೂ ಕೆಳಗಿಳಿದು ಇಡೀ ದೇಹ ಓರೆಯಾಗಿ ನೀರನ್ನು ತಳ್ಳಬೇಕಾಗುತ್ತದೆ. ಗಾಳಿಗಿಂತ ನೀರು ಸುಮಾರು 800 ಪಟ್ಟು ಸಾಂದ್ರ. ಶಕ್ತಿಯೆಲ್ಲ ಖರ್ಚಾಗುವುದು ಅಲ್ಲೇ.

ಇದಕ್ಕೆ ನಾನು ಹೇಳಿಕೊಡುವುದು ಒಂದು ಗುರುತು: ಉಸಿರಿಗೆ ಹೊರಳಿದಾಗ ಗಾಗಲ್ಸ್‌ನ ಒಂದು ಗಾಜು ನೀರೊಳಗೇ ಇರಬೇಕು. ಭುಜ, ಸೊಂಟ ಸಮೇತ ಮೈ ಹೊರಳಬೇಕು, ತಲೆ ಅದರ ಜೊತೆ ಬರಬೇಕು. ಮುಂದೆ ಸಾಗುವಾಗ ತಲೆಯ ಪಕ್ಕದಲ್ಲಿ ನೀರು ತುಸು ತಗ್ಗಾಗಿರುತ್ತದೆ, ಬಾಯಿಗೆ ಅಷ್ಟು ಜಾಗ ಸಾಕು. ಅದೇ ಹೊತ್ತಿಗೆ ಮುಂದೆ ಚಾಚಿದ ಕೈಯನ್ನು ಗಮನಿಸಿ. ಹೆಚ್ಚಿನವರು ಆ ಅಂಗೈಯಿಂದ ನೀರನ್ನು ಕೆಳಕ್ಕೆ ಒತ್ತಿ ಅದರ ಮೇಲೆ ಊರಿಕೊಂಡು ಉಸಿರೆಳೆಯುತ್ತಾರೆ. ಕೈ ಕುಸಿದರೆ ಮೈಯೂ ಕುಸಿಯುತ್ತದೆ. ಒಂದು ಕೈ ಮುಂದಕ್ಕೆ ಚಾಚಿ, ಮಗ್ಗುಲಾಗಿ, ಕಾಲು ಬಡಿಯುತ್ತಾ ಹೋಗುವ ಅಭ್ಯಾಸ ಬೇಸರ ತರುತ್ತದೆ ನಿಜ. ಆದರೆ ಕೆಲ ವಾರ ಅದನ್ನೇ ಮಾಡಿದವರಿಗೆ ಫ್ರೀಸ್ಟೈಲ್ ಬೇಗ ಬರುತ್ತದೆ ಎಂಬುದು ನನ್ನ ಅನುಭವ.

ಕಾಲಿನ ಬಗ್ಗೆ ಒಂದು ಮಾತು. ಕಿಕ್‌ಬೋರ್ಡ್ (ಕೈಯಲ್ಲಿ ಹಿಡಿದು ತೇಲುವ ಹಲಗೆ) ಹಿಡಿದು ಕಾಲನ್ನು ಎಷ್ಟು ಬಡಿದರೂ ಇದ್ದಲ್ಲೇ ಇರುವ, ಕೆಲವೊಮ್ಮೆ ಹಿಂದಕ್ಕೇ ಸರಿಯುವ ಓಟಗಾರರಿದ್ದಾರೆ! ಅವರ ಪಾದದ ಕೀಲು ಬಿಗಿಯಾಗಿರುತ್ತದೆ, ಪಾದ ನೀಳವಾಗಿ ಚಾಚಿಕೊಳ್ಳುವುದಿಲ್ಲ. ಮೊಣಕಾಲಿಗೆ ನೋವಿಲ್ಲದಿದ್ದರೆ ಮನೆಯಲ್ಲಿ ಹಿಮ್ಮಡಿಯ ಮೇಲೆ ಕೂರುವ ಅಭ್ಯಾಸ ಮಾಡಿ. ಗಿಡ್ಡ ಫಿನ್ಸ್ (ಪಾದಕ್ಕೆ ಹಾಕುವ ರಬ್ಬರ್ ರೆಕ್ಕೆ) ಹಾಕಿಕೊಂಡರೂ ತಪ್ಪಿಲ್ಲ.

ಫ್ರೀಸ್ಟೈಲ್ ಬಂದರೆ ಮಾತ್ರ ಈಜು ಎಂದುಕೊಂಡು ಬ್ರೆಸ್ಟ್‌ಸ್ಟ್ರೋಕನ್ನು (ಎರಡೂ ಕೈ ಒಟ್ಟಿಗೆ ಎಳೆದು ಕಪ್ಪೆಯಂತೆ ಕಾಲು ಒದೆಯುವ ಈಜು) ಕೀಳಾಗಿ ಕಾಣುವವರನ್ನು ಕಂಡರೆ ನನಗೆ ಸಿಟ್ಟು. 1875ರಲ್ಲಿ ಇಂಗ್ಲೆಂಡಿನ ಈಜುಗಾರ ಮ್ಯಾಥ್ಯೂ ವೆಬ್ ಇಂಗ್ಲಿಷ್ ಕಾಲುವೆ (ಇಂಗ್ಲೆಂಡ್–ಫ್ರಾನ್ಸ್ ನಡುವಿನ ಸಮುದ್ರ) ದಾಟಿದ್ದು ಇದೇ ಸ್ಟ್ರೋಕ್‌ನಲ್ಲಿ, 21 ಗಂಟೆಗೂ ಹೆಚ್ಚು ಕಾಲ ಈಜಿ. ಸರಿಯಾಗಿ ಕಲಿಯಲು ಇದು ಸುಲಭದ್ದಲ್ಲ. ಕೈ, ಕಾಲು ಎರಡನ್ನೂ ಒಟ್ಟಿಗೆ ಎಳೆದರೆ ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತದೆ. ಎಳೆತ, ಉಸಿರು, ಕಿಕ್, ಆಮೇಲೆ ಮೈ ನೀಳ ಮಾಡಿ ಜಾರುವುದು, ಇದು ಕ್ರಮ. ಆ ಜಾರುವಿಕೆಯನ್ನು ನುಂಗಿಹಾಕುವವರೇ ಬಹಳ. ಕೈಯನ್ನು ಸೊಂಟದವರೆಗೆ ಎಳೆಯಬೇಡಿ, ಭುಜದ ಗೆರೆ ಬಂದಾಗ ಒಳಕ್ಕೆ ತನ್ನಿ. ಪಾದಗಳು ಹೊರಕ್ಕೆ ತಿರುಗಿರಲಿ, ಮೊಣಕಾಲು ವಿಪರೀತ ಅಗಲವಾಗದಿರಲಿ. ಮೊಣಕಾಲಿನ ಒಳಬದಿ ನೋಯತೊಡಗಿದರೆ ಆ ದಿನದ ಕಿಕ್ ಅಲ್ಲಿಗೇ ನಿಲ್ಲಿಸಿ.

ಅಂಗಾತ ಈಜುವ ಬ್ಯಾಕ್‌ಸ್ಟ್ರೋಕ್‌ನಲ್ಲಿ ಮುಖ ಮೇಲಿದ್ದರೂ ಮೂಗಿಗೆ ನೀರು ನುಗ್ಗುತ್ತದೆ. ಮೂಗಿನಿಂದ ಸಣ್ಣಗೆ ಗುನುಗುತ್ತಿರಿ, ನಿಲ್ಲುತ್ತದೆ. ಗದ್ದವನ್ನು ಎದೆಗೆ ಒತ್ತಿಕೊಂಡರೆ ಸೊಂಟ ಕುಸಿಯುತ್ತದೆ.

ಬಟರ್‌ಫ್ಲೈ ಹುಟ್ಟಿದ್ದು ಬ್ರೆಸ್ಟ್‌ಸ್ಟ್ರೋಕ್‌ನ ಹೊಟ್ಟೆಯಲ್ಲೇ. 1930ರ ದಶಕದಲ್ಲಿ ಕೆಲವು ಸ್ಪರ್ಧಿಗಳು ಕೈಗಳನ್ನು ನೀರಿನ ಮೇಲಿಂದ ಮುಂದಕ್ಕೆ ತರತೊಡಗಿದರು. 1952ರಲ್ಲಿ ಅದು ಬೇರೆ ಸ್ಟ್ರೋಕ್ ಆಯಿತು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಪ್ರತ್ಯೇಕ ಸ್ಪರ್ಧೆಯಾಗಿ ಬಂತು. ಕೈಯಿಂದ ಶುರುಮಾಡಿದರೆ ನಾಲ್ಕು ಎಳೆತಕ್ಕೆ ಸುಸ್ತು. ಎದೆ ಒತ್ತಿ ಸೊಂಟ ಏಳಿಸುವ ಅಲೆಯನ್ನು ಮೊದಲು ಕಲಿಯಿರಿ. ಕೈ ನೀರಿಗಿಳಿವಾಗ ಒಂದು ಕಿಕ್, ಹೊರಬರುವಾಗ ಇನ್ನೊಂದು. ಭುಜದ ನೋವಿನ ಹಳೆ ಕಥೆಯಿರುವವರು ವೈದ್ಯರನ್ನು ಕೇಳದೆ ಇದರ ತಂಟೆಗೆ ಹೋಗಬಾರದು.

ಅಭ್ಯಾಸದ ಲೆಕ್ಕಕ್ಕೆ ಬಂದರೆ, ವಾರಕ್ಕೊಮ್ಮೆ ಒಂದೂವರೆ ಗಂಟೆಗಿಂತ ಮೂರು ಸಲ ಅರ್ಧರ್ಧ ಗಂಟೆ ಮೇಲು. ಲೇನ್ ಮುಗಿಸಲೇಬೇಕೆಂಬ ಹಟ ಬಿಡಿ. ಸ್ಟ್ರೋಕ್ ಕೆಡುತ್ತಿದೆ ಎನಿಸಿದರೆ ಕಾಲು ನೆಲಕ್ಕೆ ಸಿಗುವ ಕಡೆ ನಿಂತು, ಉಸಿರು ಹದಕ್ಕೆ ಬಂದ ಮೇಲೆ ಮತ್ತೆ ಶುರುಮಾಡಿ. ದಣಿದ ಮೇಲೆ ಈಜುವ ಮೀಟರುಗಳಲ್ಲಿ ಮೈ ಕಲಿಯುವುದು ತಪ್ಪನ್ನೇ. ಪಕ್ಕದಲ್ಲಿ ಯಾರಾದರೂ ಫೋನಿನಲ್ಲಿ ವಿಡಿಯೊ ತೆಗೆದುಕೊಟ್ಟರೆ ಇನ್ನೂ ಒಳ್ಳೆಯದು. ತಲೆ ನೆಟ್ಟಗಿದೆ ಎಂದು ವಾದಿಸುವವರೆಲ್ಲ ಅದನ್ನು ನೋಡಿ ಸುಮ್ಮನಾಗುತ್ತಾರೆ.

ಉಸಿರು ಪಳಗಿದ ಮೇಲೆ ಕೆಲವರಿಗೆ ಇನ್ನೊಂದು ಹುಕಿ ಬರುತ್ತದೆ: ಜೋರಾಗಿ ಹತ್ತಾರು ಸಲ ಉಸಿರೆಳೆದು ಬಿಟ್ಟು, ಆಮೇಲೆ ಉಸಿರು ಕಟ್ಟಿ ನೀರಿನಡಿಯಲ್ಲೇ ಪೂಲ್ ದಾಟುವುದು. ಹಾಗೆ ಮಾಡಿದಾಗ ಇಂಗಾಲದ ಡೈಆಕ್ಸೈಡ್ ತೀರಾ ಇಳಿದು ಉಸಿರಾಡಬೇಕೆಂಬ ಎಚ್ಚರಿಕೆಯೇ ತಡವಾಗುತ್ತದೆ. ಅಷ್ಟರಲ್ಲಿ ಆಮ್ಲಜನಕ ಮುಗಿದು, ಸುಳಿವೂ ಕೊಡದೆ ನೀರಿನೊಳಗೇ ಪ್ರಜ್ಞೆ ತಪ್ಪಬಹುದು. ಚೆನ್ನಾಗಿ ಈಜು ಬಲ್ಲವರೂ ಹೀಗೆ ಸತ್ತಿದ್ದಾರೆ. ನನ್ನ ಬ್ಯಾಚಿನಲ್ಲಿ ಇದನ್ನು ಮಾಡಿದವರನ್ನು ಅಂದೇ ನೀರಿನಿಂದ ಮೇಲೆ ಕಳಿಸುತ್ತೇನೆ.